ಗೆಟಿಸ್‌ಬರ್ಗ್‌ನಿಂದ ವಾಷಿಂಗ್ಟನ್‌ಗೆ: ಥ್ಯಾಡಿಯಸ್ ಸ್ಟೀವನ್ಸ್ ನಡೆದ ದಾರಿ

ಬುಧವಾರ, ಗೆಟಿಸ್‌ಬರ್ಗ್

ಮಗಳ ಮನೆ ಇರುವುದು ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಹೊರಟರೆ ಮುಕ್ಕಾಲು ಗಂಟೆಯಲ್ಲಿ ಗೆಟಿಸ್‌ಬರ್ಗ್ ಸಿಗುತ್ತದೆ. ಅಕ್ಟೋಬರಿನ ಬೆಳಗು, ದಾರಿಯ ಎರಡೂ ಕಡೆ ಕೊಯ್ಲು ಮುಗಿದ ಮೆಕ್ಕೆಜೋಳದ ಹೊಲಗಳು. ಎಮಿಟ್ಸ್‌ಬರ್ಗ್ ಊರು ಹಿಂದೆ ಸರಿದ ಮೇಲೆ ಪೆನ್ಸಿಲ್ವೇನಿಯಾ ಸ್ವಾಗತಿಸುವ ಒಂದು ಫಲಕ ಬಂತು, ಹೋಯಿತು. ಹೊಲದ ಬಣ್ಣ ಬದಲಾಗಲಿಲ್ಲ, ರಸ್ತೆಯೂ ಬದಲಾಗಲಿಲ್ಲ. ಮೇಸನ್–ಡಿಕ್ಸನ್ ರೇಖೆ ಎನ್ನುವುದು ಇದೇ. ಇನ್ನೂರು ವರ್ಷಗಳ ಹಿಂದೆ ಈ ಗೆರೆಯ ದಕ್ಷಿಣಕ್ಕೆ ಮನುಷ್ಯರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ಉತ್ತರದ ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾನೂನು 1780ರಷ್ಟು ಹಿಂದೆಯೇ ಬಂದಿತ್ತು.

ಗೆಟಿಸ್‌ಬರ್ಗ್‌ಗೆ ಬರುವವರಲ್ಲಿ ಹೆಚ್ಚಿನವರು ರಣಭೂಮಿ ನೋಡಲು ಬರುತ್ತಾರೆ. ಗುಲಾಮಗಿರಿಯ ಪ್ರಶ್ನೆಯಿಂದ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಎದ್ದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ ಇಲ್ಲಿ ನಡೆದ ಯುದ್ಧ, ನವೆಂಬರಿನಲ್ಲಿ ಲಿಂಕನ್ ಮಾಡಿದ ಆ ಪುಟ್ಟ ಭಾಷಣ, ಇವು ಊರಿನ ತುಂಬ ಹರಡಿಕೊಂಡಿವೆ. ನಾವು ಬಂದದ್ದು ಆ ಯುದ್ಧಕ್ಕೂ ಬಹಳ ಮೊದಲು ಇಲ್ಲಿ ಬೋರ್ಡು ತಗುಲಿಸಿದ ಒಬ್ಬ ವಕೀಲನನ್ನು ಹುಡುಕಿಕೊಂಡು. ಜಿಲ್ಲಾ ನ್ಯಾಯಾಲಯದಲ್ಲಿ ಬಹುಕಾಲ ವಕಾಲತ್ತು ಮಾಡಿದವನು ನಾನು. ಸಂವಿಧಾನದ 14ನೆಯ ಅನುಚ್ಛೇದವನ್ನು ಎಷ್ಟೋ ಅರ್ಜಿಗಳಲ್ಲಿ ಬರೆದಿದ್ದೇನೆ. ಅದರಲ್ಲಿರುವ 'ಕಾನೂನುಗಳ ಸಮಾನ ಸಂರಕ್ಷಣೆ' ಅಮೆರಿಕದ 14ನೆಯ ತಿದ್ದುಪಡಿಯಿಂದ ಬಂದದ್ದು. ಆ ತಿದ್ದುಪಡಿಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಮುನ್ನಡೆಸಿ ಗೆಲ್ಲಿಸಿದವನು ಥ್ಯಾಡಿಯಸ್ ಸ್ಟೀವನ್ಸ್. ಆತನ ಊರುಗಳನ್ನು ಒಮ್ಮೆ ನಡೆದು ನೋಡಬೇಕೆಂಬ ಆಸೆ ನನ್ನದು. ಮಗಳು ರಜೆ ಹಾಕಿ ಕಾರು ತೆಗೆದಳು.

ಬಾಲ್ಟಿಮೋರ್ ಬೀದಿಯಲ್ಲಿ ಆಡಮ್ಸ್ ಕೌಂಟಿಯ ಹಳೆಯ ನ್ಯಾಯಾಲಯವಿದೆ. ಅದರ ಮುಂದೆ ಸ್ಟೀವನ್ಸನ ಕಂಚಿನ ಪ್ರತಿಮೆ. ಇದನ್ನು ನಿಲ್ಲಿಸಿದ್ದು 2022ರ ಏಪ್ರಿಲ್‌ನಲ್ಲಿ, ಆತ ಸತ್ತು ನೂರೈವತ್ತು ವರ್ಷ ಕಳೆದ ಮೇಲೆ. ಸೇನಾಪತಿಗಳಿಗೆ, ರೆಜಿಮೆಂಟುಗಳಿಗೆ ಸಾಲುಸಾಲು ಸ್ಮಾರಕಗಳಿರುವ ಈ ಊರಿನಲ್ಲಿ ಕಾನೂನು ಬರೆದವನಿಗೆ ಜಾಗ ಸಿಗಲು ಇಷ್ಟು ಕಾಲ ಹಿಡಿಯಿತು.

ಆತ ಈ ಊರಿನವನಲ್ಲ. 1792ರ ಏಪ್ರಿಲ್ 4ರಂದು ಹುಟ್ಟಿದ್ದು ದೂರದ ವರ್ಮಾಂಟಿನ ಡ್ಯಾನ್‌ವಿಲ್‌ನಲ್ಲಿ. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿತ್ತು, ಬದುಕಿಡೀ ಕುಂಟುತ್ತಲೇ ನಡೆದ. ಅಣ್ಣನಿಗಂತೂ ಎರಡೂ ಪಾದ ಹಾಗೆಯೇ. ತಂದೆ ಮನೆ ಬಿಟ್ಟು ಹೋದ. ತಾಯಿ ಸಾರಾ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಪೀಚಮ್ ಎಂಬ ಊರಿಗೆ ಬಂದಳು, ಅಲ್ಲೊಂದು ಒಳ್ಳೆಯ ಶಾಲೆ ಇತ್ತೆಂಬ ಕಾರಣಕ್ಕೆ. ಗೇಯಲಾಗದ ಕಾಲಿನ ಹುಡುಗನಿಗೆ ಓದೇ ಆಸ್ತಿ ಎಂದು ಆಕೆ ತೀರ್ಮಾನಿಸಿದ್ದಳು. ಡಾರ್ಟ್‌ಮತ್ ಕಾಲೇಜಿನಲ್ಲಿ 1814ರಲ್ಲಿ ಪದವಿ. ಆಮೇಲೆ ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಮೇಷ್ಟ್ರ ಕೆಲಸ, ರಾತ್ರಿ ಕಾನೂನು ಓದು. ಬೇರೆ ಕಸುಬು ಮಾಡಿಕೊಂಡು ಓದಿದವರನ್ನು ಯಾರ್ಕ್‌ನ ವಕೀಲರು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಗೆರೆ ದಾಟಿ ಮೇರಿಲ್ಯಾಂಡಿನ ಬೆಲ್ ಏರ್‌ಗೆ ಹೋಗಿ ಪರೀಕ್ಷೆ ಪಾಸು ಮಾಡಿಕೊಂಡು ಬಂದ. 1816ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಕಚೇರಿ ತೆರೆದ.

ಇಲ್ಲಿಗೆ ಬರುವ ಮೊದಲೇ ನನ್ನ ತಲೆಯಲ್ಲಿ ಕೂತಿದ್ದ ಒಂದು ಮೊಕದ್ದಮೆಯಿದೆ. ಚಾರಿಟಿ ಬಟ್ಲರ್ ಎಂಬ ಹೆಂಗಸು ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿದ್ದಳು. ಆಕೆಯನ್ನು ಬಾಡಿಗೆಗೆ ಪಡೆದಿದ್ದ ಮನೆಯವರು ತಾವು ಪೆನ್ಸಿಲ್ವೇನಿಯಾಕ್ಕೆ ಬಂದಾಗಲೆಲ್ಲ ಅವಳನ್ನೂ ಕರೆತರುತ್ತಿದ್ದರು. ಆರು ತಿಂಗಳು ಈ ರಾಜ್ಯದಲ್ಲಿ ಇರಿಸಿಕೊಂಡರೆ ಗುಲಾಮರು ಸ್ವತಂತ್ರರು ಎಂಬುದು ಇಲ್ಲಿನ ಕಾನೂನು. ಬಂದುಹೋದ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳು ಮೀರುತ್ತದೆ, ಆದ್ದರಿಂದ ನಾನೂ ನನ್ನ ಮಕ್ಕಳೂ ಸ್ವತಂತ್ರರು ಎಂದು ಚಾರಿಟಿ ನ್ಯಾಯಾಲಯಕ್ಕೆ ಬಂದಳು. ಎದುರು ಪಕ್ಷದಲ್ಲಿ, ಅಂದರೆ ಮಾಲೀಕನ ಪರವಾಗಿ ನಿಂತವನು ಸ್ಟೀವನ್ಸ್. ಆರು ತಿಂಗಳೆಂದರೆ ಒಂದೇ ಸಮನೆ ಆರು ತಿಂಗಳು, ಬಿಡಿಬಿಡಿ ದಿನಗಳನ್ನು ಪೋಣಿಸುವಂತಿಲ್ಲ ಎಂಬುದು ವಾದ. 1821ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಿತು. ಆತ ಗೆದ್ದ. ಚಾರಿಟಿಯೂ ಮಕ್ಕಳೂ ಗುಲಾಮಗಿರಿಗೆ ಮರಳಿದರು.

ಕಕ್ಷಿಗಾರನ ಪರ ನಿಲ್ಲುವುದು ವಕೀಲನ ಧರ್ಮ, ಇರುವ ಕಾನೂನಿನ ಒಳಗೆ ಗೆಲ್ಲುವುದು ಅವನ ಕಸುಬು ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಹೇಳಿಕೊಂಡು ಊಟ ಮಾಡಿ ಮಲಗುತ್ತೇವೆ. ಈ ಮೊಕದ್ದಮೆಯ ಬಗ್ಗೆ ಸ್ಟೀವನ್ಸ್ ಮುಂದೆಂದಾದರೂ ಮಾತಾಡಿದ್ದನ್ನು ನಾನು ಓದಿಲ್ಲ. ಆದರೆ ಆಮೇಲೆ ಆತ ಏನು ಮಾಡಿದನೆಂಬುದು ದಾಖಲೆಯಲ್ಲಿದೆ. 1823ರ ಸ್ವಾತಂತ್ರ್ಯ ದಿನದ ಔತಣದಲ್ಲಿ ಎದ್ದುನಿಂತು, ಯಾವ ಮನುಷ್ಯನಿಗೂ ಸಂಕೋಲೆ ತೊಡಿಸದವನೇ ಮುಂದಿನ ಅಧ್ಯಕ್ಷನಾಗಲಿ ಎಂದು ಲೋಟ ಎತ್ತಿ ಹಾರೈಸಿದ. ಓಡಿಬಂದ ಗುಲಾಮರ ಕೇಸುಗಳನ್ನು ಶುಲ್ಕವಿಲ್ಲದೆ ನಡೆಸತೊಡಗಿದ. ಕಾನೂನು ಪುಸ್ತಕ ಕೊಳ್ಳಲು ಬಾಲ್ಟಿಮೋರ್‌ಗೆ ಹೊರಟವನು ದಾರಿಯ ಛತ್ರದಲ್ಲಿ ಗಂಡನನ್ನು ಮಾರುತ್ತಿದ್ದಾರೆಂದು ಅಳುತ್ತಿದ್ದ ಹೆಂಗಸನ್ನು ಕಂಡು, ಜೇಬಿನಲ್ಲಿದ್ದ 300 ಡಾಲರ್ ಕೊಟ್ಟು ಆ ಗಂಡನನ್ನು ಬಿಡಿಸಿ, ಪುಸ್ತಕವಿಲ್ಲದೆ ಮನೆಗೆ ಮರಳಿದನೆಂಬ ಕಥೆ ಆತನ ಜೀವನಚರಿತ್ರೆಗಳಲ್ಲಿ ಬರುತ್ತದೆ. ಹಾಗೆ ನಡೆದೇ ಇದ್ದರೂ ಚಾರಿಟಿಯ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ. ಪ್ರತಿಮೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಅವಳೇ. ಅವಳಿಗೆ ಈ ಊರಿನಲ್ಲೊಂದು ಕಲ್ಲು ನಿಂತರೆ ಚೆನ್ನಾಗಿತ್ತು.

ಸಂಜೆ ಗೆಟಿಸ್‌ಬರ್ಗ್ ಕಾಲೇಜಿನ ಅಂಗಳದಲ್ಲಿ ಸುತ್ತಾಡಿದೆವು. 1832ರಲ್ಲಿ ಶುರುವಾದ ಈ ಕಾಲೇಜಿಗೆ ರಾಜ್ಯದಿಂದ ಹಣ ತಂದುಕೊಟ್ಟವರಲ್ಲಿ ಸ್ಟೀವನ್ಸ್ ಪ್ರಮುಖ. ಬಿಳಿ ಕಂಬಗಳ ಪೆನ್ಸಿಲ್ವೇನಿಯಾ ಹಾಲ್ ಯುದ್ಧದ ಸಮಯದಲ್ಲಿ ಆಸ್ಪತ್ರೆಯಾಗಿತ್ತು. ಈಗ ಅದರ ಮುಂದಿನ ಹುಲ್ಲಿನಲ್ಲಿ ಮಕ್ಕಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಗುರುವಾರ, ಕ್ಯಾಲೆಡೋನಿಯಾ ಮತ್ತು ಹ್ಯಾರಿಸ್‌ಬರ್ಗ್

ಗೆಟಿಸ್‌ಬರ್ಗ್‌ನಿಂದ ಪಶ್ಚಿಮಕ್ಕೆ ಮೂವತ್ತನೆಯ ನಂಬರಿನ ರಸ್ತೆಯಲ್ಲಿ ಅರ್ಧ ಗಂಟೆ ಹೋದರೆ ಬೆಟ್ಟಗಳು ಹತ್ತಿರ ಬರುತ್ತವೆ. ಕಾಡಿನ ನಡುವೆ ಕ್ಯಾಲೆಡೋನಿಯಾ ಸ್ಟೇಟ್ ಪಾರ್ಕ್. ಮೇಪಲ್ ಎಲೆಗಳು ಕೆಂಪೇರಿ ಉದುರುತ್ತಿದ್ದವು. ಬೆನ್ನಿಗೆ ದೊಡ್ಡ ಚೀಲ ಹೊತ್ತ ಒಬ್ಬ ಹುಡುಗ ಕಾಲುದಾರಿಯಿಂದ ಇಳಿದು ಬಂದ. ಅಪಲೇಷಿಯನ್ ಟ್ರೇಲ್ ಎಂಬ ಬಹುದೂರದ ಚಾರಣದ ಹಾದಿ ಈ ಪಾರ್ಕಿನ ಮೂಲಕವೇ ಹಾದುಹೋಗುತ್ತದೆ.

ಇಲ್ಲಿ ಸ್ಟೀವನ್ಸನ ಕಬ್ಬಿಣದ ಕಾರ್ಖಾನೆ ಇತ್ತು. ತಾನು ಹುಟ್ಟಿದ ಕೌಂಟಿಯ ಹೆಸರನ್ನೇ ಅದಕ್ಕಿಟ್ಟಿದ್ದ. ಅದಿರು, ಸುಣ್ಣಕಲ್ಲು, ಇದ್ದಿಲು ಸುರಿದು ಕಬ್ಬಿಣ ಕರಗಿಸುವ ಕುಲುಮೆ. ಇದ್ದಿಲಿಗೆ ಸುತ್ತಲ ಕಾಡೇ ಆಧಾರ. ಇಂದು ರಸ್ತೆಯ ಬದಿಯಲ್ಲಿ ನಿಂತಿರುವ ಕಲ್ಲಿನ ಕುಲುಮೆ 1927ರಲ್ಲಿ ಮತ್ತೆ ಕಟ್ಟಿದ್ದು. ಕಾರ್ಖಾನೆಯಿಂದ ಆತನಿಗೆ ಲಾಭ ಬಂದದ್ದಕ್ಕಿಂತ ಸಾಲ ಬಂದದ್ದೇ ಹೆಚ್ಚು. 1842ರಲ್ಲಿ ಗೆಟಿಸ್‌ಬರ್ಗ್ ಬಿಟ್ಟು ದೊಡ್ಡ ಊರಾದ ಲ್ಯಾಂಕಾಸ್ಟರ್‌ಗೆ ಹೋದದ್ದಕ್ಕೆ ಈ ಸಾಲವೂ ಕಾರಣ. ಹಾಗಿದ್ದೂ ಕಾರ್ಖಾನೆ ಮುಚ್ಚಲಿಲ್ಲ. ನೂರಾರು ಜನರ ಅನ್ನ ಅದರಲ್ಲಿತ್ತು.

1863ರ ಜೂನ್ 26ರಂದು ದಕ್ಷಿಣದ ಸೇನಾಪತಿ ಜೂಬಲ್ ಅರ್ಲಿ ತನ್ನ ಪಡೆಯೊಂದಿಗೆ ಈ ದಾರಿಯಲ್ಲಿ ಗೆಟಿಸ್‌ಬರ್ಗ್ ಕಡೆಗೆ ನಡೆದ. ಅಷ್ಟರಲ್ಲಿ ಸ್ಟೀವನ್ಸ್ ಕಾಂಗ್ರೆಸ್ಸಿನಲ್ಲಿ ಗುಲಾಮಗಿರಿಯ ಕಡುವೈರಿ ಎಂದು ದಕ್ಷಿಣದ ಮನೆಮನೆಗೂ ಗೊತ್ತಿದ್ದ ಹೆಸರು. ಅದೇ ಕಾರಣಕ್ಕೆ ಅರ್ಲಿ ಕಾರ್ಖಾನೆಗೆ ಬೆಂಕಿ ಇಡಿಸಿದ. ಕುದುರೆ, ಹೇಸರಗತ್ತೆ, ದಾಸ್ತಾನು ಎಲ್ಲ ಹೋಯಿತು. ಎಪ್ಪತ್ತೊಂದು ವರ್ಷದ ಮುದುಕ ಆಗ ಬರೆದ ಕಾಗದವೊಂದಿದೆ. ಈ ದುಷ್ಟ ಯುದ್ಧದಲ್ಲಿ ಎಲ್ಲರೂ ನಷ್ಟ ಅನುಭವಿಸಲೇಬೇಕು, ನನ್ನ ಪಾಲಿನ ನಷ್ಟದ ಬಗ್ಗೆ ಒಂದು ಗಳಿಗೆಯೂ ಕೊರಗಿಲ್ಲ, ಗುಲಾಮಗಿರಿಯ ಕುರುಹೂ ಉಳಿಯದಂತೆ ದೇಶ ಮತ್ತೆ ಒಂದಾದರೆ ಇದು ಅಗ್ಗದ ಬೆಲೆ ಎಂದಿದ್ದಾನೆ. ಆತ ಚಿಂತಿಸಿದ್ದು ಕೆಲಸ ಕಳೆದುಕೊಂಡ ಬಡ ಕುಟುಂಬಗಳ ಬಗ್ಗೆ. ಅವರ ಸದ್ಯದ ಗತಿಗೆ ತಾನೇ ಏನಾದರೂ ಮಾಡಬೇಕೆಂದು ಅದೇ ಕಾಗದದಲ್ಲಿದೆ.

ಮಧ್ಯಾಹ್ನದ ಮೇಲೆ ಹ್ಯಾರಿಸ್‌ಬರ್ಗ್. ರಾಜ್ಯದ ಶಾಸನಸಭೆಯ ಈಗಿನ ಕಟ್ಟಡ 1906ರದ್ದು, ಹಸಿರು ಗುಮ್ಮಟದ ಭವ್ಯ ಸೌಧ. ಸ್ಟೀವನ್ಸ್ ಕೂತ ಹಳೆಯ ಕಟ್ಟಡ 1897ರಲ್ಲಿ ಸುಟ್ಟುಹೋಯಿತು. ಆದ್ದರಿಂದ ಅಲ್ಲಿ ನೋಡುವುದು ಹೆಚ್ಚಿರಲಿಲ್ಲ, ನೆನೆಯುವುದು ಇತ್ತು. 1834ರಲ್ಲಿ ಪೆನ್ಸಿಲ್ವೇನಿಯಾ ಎಲ್ಲ ಮಕ್ಕಳಿಗೂ ಉಚಿತ ಶಾಲೆಯ ಕಾನೂನು ಮಾಡಿತು. ತೆರಿಗೆ ಕಟ್ಟಬೇಕಾಗಿ ಬಂದಾಗ ಜನ ತಿರುಗಿಬಿದ್ದರು. ಮರುವರ್ಷ ಮೇಲ್ಮನೆ ಕಾನೂನನ್ನು ರದ್ದು ಮಾಡಲು ಮತ ಹಾಕಿಯೂ ಆಗಿತ್ತು. 1835ರ ಏಪ್ರಿಲ್‌ನಲ್ಲಿ ಕೆಳಮನೆಯಲ್ಲಿ ಸ್ಟೀವನ್ಸ್ ಎದ್ದು ಮಾತಾಡಿದ. ಬಡವನ ಮಗನಿಗೆ ಧರ್ಮಾರ್ಥದ ಹಣೆಪಟ್ಟಿ ಹಚ್ಚಿ ಕಲಿಸುವುದು ಕಲಿಸದಿರುವುದಕ್ಕಿಂತ ಮೇಲೇನಲ್ಲ ಎಂಬುದು ಮಾತಿನ ತಿರುಳು. ಸಭೆಯ ಮನಸ್ಸು ತಿರುಗಿತು, ಶಾಲೆಗಳು ಉಳಿದವು. ಎರಡು ವರ್ಷದ ನಂತರ ರಾಜ್ಯದ ಹೊಸ ಸಂವಿಧಾನ ಬರೆಯುವ ಸಮಾವೇಶದಲ್ಲಿ ಬಿಳಿಯರಿಗಷ್ಟೇ ಮತದಾನ ಎಂದು ಸೇರಿಸಿದಾಗ ಆತ ಅದಕ್ಕೆ ಸಹಿ ಹಾಕಲು ನಿರಾಕರಿಸಿದ.

ಶುಕ್ರವಾರ, ಲ್ಯಾಂಕಾಸ್ಟರ್

ಲ್ಯಾಂಕಾಸ್ಟರ್ ಎಂದರೆ ನಮ್ಮವರಿಗೆಲ್ಲ ಆಮಿಷ್ ಜನರ ಊರು, ಕಾರು ಬಿಟ್ಟು ಕುದುರೆಗಾಡಿಯಲ್ಲೇ ಓಡಾಡುವ ಕ್ರೈಸ್ತ ಪಂಗಡದವರು ಅವರು. ನ್ಯೂಜೆರ್ಸಿ, ಮೇರಿಲ್ಯಾಂಡಿನ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದು ಕುದುರೆಗಾಡಿ ತೋರಿಸುತ್ತಾರೆ. ನಾವೂ ದಾರಿಯಲ್ಲಿ ಕರಿಯ ಗಾಡಿಗಳ ಹಿಂದೆ ನಿಧಾನಕ್ಕೆ ಬಂದೆವು. ಊರ ನಡುವಿನ ಸೆಂಟ್ರಲ್ ಮಾರ್ಕೆಟ್ 1889ರ ಇಟ್ಟಿಗೆ ಕಟ್ಟಡ. ಶುಕ್ರವಾರ ಸಂತೆ ಇರುತ್ತದೆ. ಸೇಬಿನ ರಸ, ಬಿಸಿ ಪ್ರೆಟ್ಜೆಲ್, ನಮ್ಮ ಮಂಗಳೂರು ಸೌತೆಯನ್ನು ಹೋಲುವ ಏನೋ ಒಂದು ಕಾಯಿ. ಚಳಿಗೆ ಹಿತವಾಗಿತ್ತು.

ಅಲ್ಲಿಂದ ಸೌತ್ ಕ್ವೀನ್ ಬೀದಿಯಲ್ಲಿ ಸ್ವಲ್ಪ ಇಳಿದರೆ ದೊಡ್ಡ ಕನ್ವೆನ್ಷನ್ ಸೆಂಟರ್. ಅದರ ಗೋಡೆಗೆ ಹೊಂದಿಕೊಂಡಂತೆ ಹಳೆಯ ಇಟ್ಟಿಗೆ ಮನೆಗಳು. ಸ್ಟೀವನ್ಸ್ ಬಾಳಿದ ಮನೆ, ಕಚೇರಿ ಇವೇ. ಈ ನೂತನ ಕಟ್ಟಡಕ್ಕಾಗಿ ಇಡೀ ಮನೆಯನ್ನೇ ಕೆಡವುವ ಮಾತಿತ್ತು. ಊರಿನ ಇತಿಹಾಸಪ್ರಿಯರು ಪಟ್ಟುಹಿಡಿದು ಒಂದು ಭಾಗವನ್ನು ಉಳಿಸಿಕೊಂಡರು. ಆಗ ಅಗೆತ ಮಾಡಿದ ಪುರಾತತ್ವಜ್ಞರಿಗೆ ಹಿತ್ತಿಲಿನಲ್ಲಿ ಇಟ್ಟಿಗೆಯ ನೀರುತೊಟ್ಟಿಯೊಂದು ಸಿಕ್ಕಿತು. ಅದರ ಗೋಡೆಯಲ್ಲಿ ಮನುಷ್ಯ ತೂರುವಷ್ಟು ಕಂಡಿ, ಆಚೆ ಪಕ್ಕದ ಕಟ್ಟಡದ ನೆಲಮಾಳಿಗೆ. ತೊಟ್ಟಿಯೊಳಗೆ ಸಿಕ್ಕ ವಸ್ತುಗಳಲ್ಲಿ ಒಂದು ಪೀಕದಾನಿ. ನೀರು ತುಂಬುವ ತೊಟ್ಟಿಯಲ್ಲಿ ಅದಕ್ಕೇನು ಕೆಲಸ? ಓಡಿಬಂದ ಗುಲಾಮರ ಅಡಗುತಾಣವಾಗಿರಬೇಕು ಎಂದು ಅಗೆದವರು ಅಭಿಪ್ರಾಯಪಟ್ಟರು. ಗುಲಾಮರನ್ನು ಹಿಡಿಯಲು ಊರಿಗೆ ಬರುತ್ತಿದ್ದವರ ಮೇಲೆ ಸ್ಟೀವನ್ಸ್ ತನ್ನದೇ ಗೂಢಚಾರನನ್ನು ಇಟ್ಟಿದ್ದ, ಸುಳಿವು ಸಿಕ್ಕೊಡನೆ ತಲೆಮರೆಸಿಕೊಂಡವರಿಗೆ ಎಚ್ಚರಿಕೆ ಮುಟ್ಟಿಸುತ್ತಿದ್ದ ಎಂಬುದಕ್ಕೆ ಆತನದೇ 1847ರ ಕಾಗದ ಸಾಕ್ಷಿ. ಹಗಲು ನ್ಯಾಯಾಲಯದಲ್ಲಿ ವಾದ, ರಾತ್ರಿ ಕಾನೂನು ಅಪರಾಧವೆನ್ನುವ ಕೆಲಸ. ಆ ಮನೆಯನ್ನು ವಸ್ತುಸಂಗ್ರಹಾಲಯವಾಗಿಸುವ ಕೆಲಸ ನಾವು ಹೋದಾಗ ನಡೆದಿತ್ತು. ಹೊರಗಿನಿಂದಲೇ ನೋಡಬೇಕಾಯಿತು.

ಸಂಗ್ರಹಾಲಯದ ಹೆಸರಿನಲ್ಲಿ ಸ್ಟೀವನ್ಸನ ಜೊತೆ ಇನ್ನೊಬ್ಬರ ಹೆಸರೂ ಇದೆ: ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್. 1813ರಲ್ಲಿ ಗೆಟಿಸ್‌ಬರ್ಗ್‌ನ ಹತ್ತಿರ ಹುಟ್ಟಿದ ಮಿಶ್ರವರ್ಣದ ಹೆಣ್ಣುಮಗಳು. 1840ರ ದಶಕದಲ್ಲಿ ಮನೆ ನೋಡಿಕೊಳ್ಳಲೆಂದು ಬಂದವಳು ಆತ ಸಾಯುವವರೆಗೂ ಜೊತೆಗಿದ್ದಳು. ಸ್ಟೀವನ್ಸ್ ಮದುವೆಯಾಗಲಿಲ್ಲ. ವಿರೋಧಿಗಳು ಇಬ್ಬರ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿದರು, ಪತ್ರಿಕೆಗಳು ಬರೆದವು. ಆತ ಸಮಜಾಯಿಷಿ ಕೊಡಲು ಹೋಗಲಿಲ್ಲ. ಕರಿಯ ಕೆಲಸದವರನ್ನು ಬರಿ ಹೆಸರು ಹಿಡಿದು ಕೂಗುವ ಕಾಲದಲ್ಲಿ ಆಕೆಯನ್ನು 'ಮಿಸೆಸ್ ಸ್ಮಿತ್' ಎಂದೇ ಕರೆಯುತ್ತಿದ್ದ, ಮನೆಗೆ ಬಂದವರೂ ಹಾಗೆಯೇ ಕರೆಯಬೇಕಿತ್ತು. ಆಕೆ 1860ರಲ್ಲಿ ಪಕ್ಕದ ಮನೆಯನ್ನು ತನ್ನ ಹೆಸರಿಗೇ ಕೊಂಡಳು. ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಗಾಡಿಯೊಂದರಲ್ಲಿ ಊರೂರು ಸುತ್ತಿ ಊಟ, ಬಟ್ಟೆ ಕೂಡಿಸಿ ಎರಡೂ ಪಕ್ಷದ ಗಾಯಾಳುಗಳಿಗೆ ಹಂಚಿದಳೆಂದು ಹೇಳುತ್ತಾರೆ. ಸ್ಟೀವನ್ಸ್ ಉಯಿಲಿನಲ್ಲಿ ಆಕೆಗೆ 5,000 ಡಾಲರ್ ಬಿಟ್ಟುಹೋದ. ಅವರ ನಡುವಿನ ಸಂಬಂಧ ಏನಿತ್ತು ಎಂದು ಕೆದಕುವುದಕ್ಕಿಂತ, ಆಕೆ ಆಸ್ತಿ ಮಾಡಿದ ಜಾಣ ವ್ಯವಹಾರಸ್ಥೆ ಎಂಬುದನ್ನು ಹೇಳುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಶನಿವಾರ, ಕ್ರಿಸ್ಟಿಯಾನಾ, ಮತ್ತೆ ಲ್ಯಾಂಕಾಸ್ಟರ್

ಬೆಳಿಗ್ಗೆ ಪೂರ್ವಕ್ಕೆ ಕ್ರಿಸ್ಟಿಯಾನಾ ಎಂಬ ಪುಟ್ಟ ಊರಿಗೆ ಹೋಗಿಬಂದೆವು. 1850ರ ಕಾನೂನಿನ ಪ್ರಕಾರ ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಉತ್ತರದವರೂ ನೆರವಾಗಲೇಬೇಕಿತ್ತು. 1851ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಮೇರಿಲ್ಯಾಂಡಿನ ಎಡ್ವರ್ಡ್ ಗೋರ್ಸಚ್ ತನ್ನ ಗುಲಾಮರನ್ನು ಹುಡುಕಿಕೊಂಡು ಇಲ್ಲಿಗೆ ಬಂದ. ಅವರಿಗೆ ಆಶ್ರಯ ಕೊಟ್ಟಿದ್ದ ವಿಲಿಯಂ ಪಾರ್ಕರ್ ಮತ್ತವನ ಹೆಂಡತಿ ಎಲಿಜಾ ಬಾಗಿಲು ತೆಗೆಯಲಿಲ್ಲ. ಎಲಿಜಾ ಕಿಟಕಿಯಿಂದ ಕೊಂಬೂದಿದಳು, ನೆರೆಹೊರೆಯ ಕರಿಯರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿಬಂದರು. ಗೋರ್ಸಚ್ ಸತ್ತ. ಪಾರ್ಕರ್ ಕೆನಡಾಕ್ಕೆ ಪಾರಾದ. ಸರ್ಕಾರ ಮೂವತ್ತಕ್ಕೂ ಹೆಚ್ಚು ಜನರ ಮೇಲೆ ದೇಶದ್ರೋಹದ ಆರೋಪ ಹೊರಿಸಿತು.

ಮೊದಲು ವಿಚಾರಣೆಗೆ ಗುರಿಯಾದವನು ಕ್ಯಾಸ್ಟ್ನರ್ ಹ್ಯಾನ್‌ವೇ ಎಂಬ ಬಿಳಿಯ ಗಿರಣಿಗಾರ. ಗಲಾಟೆಯ ಸ್ಥಳಕ್ಕೆ ಬಂದಿದ್ದ, ಹಿಡಿಯಲು ನೆರವಾಗು ಎಂದರೆ ಒಲ್ಲೆ ಎಂದ, ಅಷ್ಟೇ ಅವನ ಅಪರಾಧ. ವಿಚಾರಣೆ ನಡೆದದ್ದು ಫಿಲಡೆಲ್ಫಿಯಾದಲ್ಲಿ, ಸ್ವಾತಂತ್ರ್ಯ ಘೋಷಣೆಗೆ ಸಹಿಯಾದ ಅದೇ ಕಟ್ಟಡದ ಮಹಡಿಯಲ್ಲಿ. ಪ್ರತಿವಾದಿ ವಕೀಲರ ತಂಡದಲ್ಲಿ ಸ್ಟೀವನ್ಸ್ ಇದ್ದ, ಆಗಲೇ ಆತ ಕಾಂಗ್ರೆಸ್ ಸದಸ್ಯ. ಒಬ್ಬ ನಿರಾಯುಧ ಗಿರಣಿಗಾರ ಕುದುರೆಯ ಮೇಲೆ ಕೂತು ಅಮೆರಿಕದ ಮೇಲೆ ಯುದ್ಧ ಸಾರಿದನೆಂದು ನಂಬಿಸುವುದು ಸರ್ಕಾರಿ ವಕೀಲರಿಗೆ ಆಗಲಿಲ್ಲ. ತೀರ್ಪುಗಾರರಿಗೆ ಕಾಲು ಗಂಟೆ ಸಾಕಾಯಿತು: ನಿರ್ದೋಷಿ. ಉಳಿದವರ ಮೇಲಿನ ದ್ರೋಹದ ಆರೋಪಗಳೂ ಬಿದ್ದುಹೋದವು. ಮೂವತ್ತು ವರ್ಷ ಹಿಂದೆ ಕಾನೂನಿನ ಅಕ್ಷರವನ್ನು ಹಿಡಿದು ಚಾರಿಟಿಯನ್ನು ಸೋಲಿಸಿದ ಕೈಯೇ ಇಲ್ಲಿ ಅದೇ ಅಕ್ಷರವನ್ನು ಹಿಡಿದು ಇಷ್ಟು ಜನರನ್ನು ನೇಣಿನಿಂದ ಉಳಿಸುವುದರಲ್ಲಿ ಪಾಲುಗೊಂಡಿತ್ತು.

ಮಧ್ಯಾಹ್ನ ಲ್ಯಾಂಕಾಸ್ಟರ್‌ನ ಅಂಚಿನ ವೀಟ್‌ಲ್ಯಾಂಡ್ ನೋಡಿದೆವು. ಇದು ಅಧ್ಯಕ್ಷ ಜೇಮ್ಸ್ ಬುಕಾನನ್‌ನ ಮನೆ. ಆತನೂ ವಕೀಲ, ಆತನೂ ಕಾಂಗ್ರೆಸ್ ಸದಸ್ಯನಾಗಿದ್ದವನು, ಇಬ್ಬರದೂ ಒಂದೇ ಊರು. ದಕ್ಷಿಣವನ್ನು ಸಮಾಧಾನಪಡಿಸುತ್ತಲೇ ನಾಲ್ಕು ವರ್ಷ ಕಳೆದ ಅಧ್ಯಕ್ಷ ಬುಕಾನನ್. ಹುಲ್ಲುಹಾಸು, ಪಿಯಾನೋ, ಚೀನಾದ ಪಿಂಗಾಣಿ ಎಲ್ಲ ಅಚ್ಚುಕಟ್ಟಾಗಿತ್ತು, ಮನಸ್ಸು ನಿಲ್ಲಲಿಲ್ಲ. 1868ರ ಜೂನ್‌ನಲ್ಲಿ ಬುಕಾನನ್ ತೀರಿಕೊಂಡ, ಎರಡು ತಿಂಗಳ ಮೇಲೆ ಸ್ಟೀವನ್ಸ್.

ಚೆಸ್ಟ್‌ನಟ್ ಮತ್ತು ಮಲ್ಬರಿ ಬೀದಿಗಳು ಕೂಡುವಲ್ಲಿ ಶ್ರೈನರ್–ಕಾಂಕರ್ಡ್ ಸ್ಮಶಾನವಿದೆ. ಸುತ್ತ ಮನೆಗಳು, ಪಕ್ಕದಲ್ಲೇ ಓಡಾಡುವ ಕಾರುಗಳು. ಊರಿನ ಗಣ್ಯರು ಮಲಗಿರುವ ವಿಶಾಲ ಸ್ಮಶಾನಗಳು ಬೇರೆ ಇವೆ. ಅಂಥಲ್ಲಿ ಸ್ಟೀವನ್ಸ್ ಮೊದಲು ಜಾಗ ಕೊಂಡೂ ಇದ್ದ. ಅವು ಬಿಳಿಯರಿಗೆ ಮಾತ್ರ ಎಂಬ ನಿಯಮ ತಿಳಿದಾಗ ಅದನ್ನು ಬಿಟ್ಟು ಇಲ್ಲಿ ಜಾಗ ಹಿಡಿದ. ಗೋರಿಯ ಕಲ್ಲಿನ ಮೇಲಿನ ಮಾತು ಆತನೇ ಬರೆದಿಟ್ಟದ್ದು. ಮಗಳು ಓದಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ:

"ಈ ಶಾಂತ, ಏಕಾಂತ ತಾಣದಲ್ಲಿ ನಾನು ಮಲಗಿರುವುದು ಒಂಟಿತನದ ಮೇಲಿನ ಸಹಜ ಒಲವಿನಿಂದಲ್ಲ. ಉಳಿದ ಸ್ಮಶಾನಗಳು ತಮ್ಮ ನಿಯಮಗಳಲ್ಲಿ ಜನಾಂಗದ ಕಟ್ಟು ಹಾಕಿಕೊಂಡಿರುವುದನ್ನು ಕಂಡು, ದೀರ್ಘ ಬಾಳಿನುದ್ದಕ್ಕೂ ನಾನು ಎತ್ತಿಹಿಡಿದ ತತ್ವವನ್ನು ಸಾವಿನಲ್ಲೂ ತೋರಿಸಿಕೊಡಲೆಂದು ಇದನ್ನು ಆರಿಸಿಕೊಂಡೆ: ಸೃಷ್ಟಿಕರ್ತನ ಮುಂದೆ ಮನುಷ್ಯರೆಲ್ಲರೂ ಸಮಾನರು."

ಸತ್ತ ಮೇಲೂ ಜಾತಿಯ ಸ್ಮಶಾನ ಬೇರೆಬೇರೆ ಇರುವ ನೆಲದಿಂದ ಹೋದವನಿಗೆ ಈ ಕಲ್ಲನ್ನು ಓದಲು ಭಾಷ್ಯ ಬೇಕಾಗಲಿಲ್ಲ. ಆತನ ಶವಯಾತ್ರೆಗೆ ಇಪ್ಪತ್ತು ಸಾವಿರ ಜನ ಸೇರಿದ್ದರಂತೆ, ಅರ್ಧದಷ್ಟು ಕರಿಯರು. ಆತನ ಪಕ್ಷದವರು ಗೌರವಕ್ಕೆಂದು ಮುಂದಿನ ಚುನಾವಣೆಗೆ ಸತ್ತವನ ಹೆಸರನ್ನೇ ಉಮೇದುವಾರನೆಂದು ಆರಿಸಿದರು.

ಉಯಿಲಿನ ಇನ್ನೆರಡು ಮಾತು ಹೇಳಬೇಕು. ಪೀಚಮ್‌ನಲ್ಲಿರುವ ತಾಯಿಯ ಗೋರಿಯ ನಾಲ್ಕೂ ಮೂಲೆಗೆ ಪ್ರತಿ ವಸಂತದಲ್ಲಿ ಗುಲಾಬಿಯನ್ನೋ ಬೇರೆ ನಗುಮೊಗದ ಹೂವನ್ನೋ ನೆಡಬೇಕೆಂದು ಹಣ ಇಟ್ಟಿದ್ದ. ಆಕೆಗೊಂದು ಹೊಲ, ಹದಿನಾಲ್ಕು ಹಸು ಕೊಡಿಸಿದ್ದೇ ತನ್ನ ಬಾಳಿನ ದೊಡ್ಡ ಸುಖ ಎಂದವನು ಆತ. ಎರಡನೆಯದು, ಅನಾಥ ಮಕ್ಕಳ ಆಶ್ರಮಕ್ಕೆ 50,000 ಡಾಲರ್. ಷರತ್ತು ಏನೆಂದರೆ, ಬಣ್ಣ, ಜನಾಂಗ, ತಂದೆತಾಯಿಯ ಧರ್ಮ ಯಾವುದನ್ನೂ ನೋಡದೆ ಸೇರಿಸಿಕೊಳ್ಳಬೇಕು, ಎಲ್ಲರಿಗೂ ಕಸುಬು ಕಲಿಸಬೇಕು, ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣಬೇಕು. ಪಂಕ್ತಿಭೇದ ಕೂಡದೆಂದು ಉಯಿಲಿನಲ್ಲಿ ಬರೆದಿಟ್ಟ ವಕೀಲ! 1905ರಲ್ಲಿ ಶಾಲೆಯಾಗಿ ಶುರುವಾದದ್ದು ಈಗ ಥ್ಯಾಡಿಯಸ್ ಸ್ಟೀವನ್ಸ್ ಕಾಲೇಜ್ ಆಫ್ ಟೆಕ್ನಾಲಜಿ. ಬಡಗಿ ಕೆಲಸ, ವೆಲ್ಡಿಂಗ್, ವಿದ್ಯುತ್ ಕೆಲಸ ಕಲಿಸುತ್ತಾರೆ, ಬಡ ಮನೆಯ ಮಕ್ಕಳಿಗೆ ಶುಲ್ಕದಲ್ಲಿ ನೆರವಿದೆ. ಶನಿವಾರವಾದ್ದರಿಂದ ಆವರಣ ಖಾಲಿಯಿತ್ತು. ಆತನ ಪ್ರತಿಮೆ ಅಲ್ಲೂ ಇದೆ.

ಭಾನುವಾರ ಫ್ರೆಡರಿಕ್‌ಗೆ ಮರಳಿ ವಿಶ್ರಾಂತಿ.

ಸೋಮವಾರ, ವಾಷಿಂಗ್ಟನ್

ಕಾಂಗ್ರೆಸ್ ಕೂಡುವ ಸೌಧವಾದ ಕ್ಯಾಪಿಟಲ್ ನೋಡಲು ಮೊದಲೇ ಹೆಸರು ಬರೆಸಿದ್ದೆವು. ಗೈಡು ನಮ್ಮನ್ನು ಮೊದಲು ಗುಮ್ಮಟದ ಕೆಳಗಿನ ರೋಟಂಡಾಕ್ಕೆ ಕರೆದೊಯ್ದಳು. ಇಲ್ಲಿ ಸಾರ್ವಜನಿಕ ದರ್ಶನಕ್ಕಿಟ್ಟ ಮೊದಲ ಶವ ಹಿರಿಯ ರಾಜಕಾರಣಿ ಹೆನ್ರಿ ಕ್ಲೇಯದು, ಎರಡನೆಯದು ಲಿಂಕನ್‌ನದು, ಮೂರನೆಯದು ಸ್ಟೀವನ್ಸನದು. 1868ರ ಆಗಸ್ಟ್‌ನಲ್ಲಿ ಕಾವಲಿಗೆ ನಿಂತವರು ಕರಿಯ ಸೈನಿಕರು.

ಪಕ್ಕದ ಪ್ರತಿಮೆಗಳ ಸಭಾಂಗಣ 1857ರವರೆಗೆ ಕೆಳಮನೆಯಾಗಿತ್ತು. 1849ರಿಂದ 1853ರವರೆಗೆ ಸ್ಟೀವನ್ಸ್ ಕೂತದ್ದು ಇಲ್ಲೇ. 1859ರಲ್ಲಿ ಮತ್ತೆ ಗೆದ್ದು ಬಂದಾಗ ಸಭೆ ಹೊಸ ಕೋಣೆಗೆ ಹೋಗಿತ್ತು. ಪ್ರತಿ ರಾಜ್ಯವೂ ಎರಡು ಪ್ರತಿಮೆ ಕೊಡಬಹುದು. ಪೆನ್ಸಿಲ್ವೇನಿಯಾ ಕೊಟ್ಟದ್ದು ಹಬೆದೋಣಿಯ ರಾಬರ್ಟ್ ಫುಲ್ಟನ್‌ನನ್ನು ಮತ್ತು ಸ್ವಾತಂತ್ರ್ಯ ಯುದ್ಧದ ಸೇನಾನಿ ಪೀಟರ್ ಮ್ಯೂಲೆನ್‌ಬರ್ಗ್‌ನನ್ನು. ಈ ಕಟ್ಟಡದಲ್ಲಿ ದೇಶದ ಕಾನೂನನ್ನೇ ತಿರುಗಿಸಿದ ಲ್ಯಾಂಕಾಸ್ಟರ್‌ನ ಪ್ರತಿನಿಧಿಗೆ ಆ ಎರಡರಲ್ಲಿ ಜಾಗವಿಲ್ಲ. ಇದು ನನಗೆ ನೋವಿನ ಸಂಗತಿ.

ಯುದ್ಧದ ವರ್ಷಗಳಲ್ಲಿ ಆತ ಹಣಕಾಸಿನ ಸಮಿತಿಯ ಅಧ್ಯಕ್ಷ. ಲಿಂಕನ್‌ನ ಸೇನೆಗೆ ಹಣ ಹೊಂದಿಸಿದವನು ಆತ. 1865ರ ಜನವರಿ 31ರಂದು ಗುಲಾಮಗಿರಿಯನ್ನು ರದ್ದುಗೊಳಿಸುವ 13ನೆಯ ತಿದ್ದುಪಡಿಗೆ ಕೆಳಮನೆ 119–56 ಮತಗಳಿಂದ ಒಪ್ಪಿಗೆ ಕೊಟ್ಟಿತು. ಆದರೆ ಬಿಡುಗಡೆಯಾದವರು ಎಲ್ಲಿಗೆ ಹೋಗಬೇಕು, ಏನು ಉಣ್ಣಬೇಕು? ಆ ಸೆಪ್ಟೆಂಬರಿನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಮಾತಾಡುತ್ತ ಸ್ಟೀವನ್ಸ್ ಉತ್ತರ ಕೊಟ್ಟ: ದಂಗೆ ಎದ್ದ ದೊಡ್ಡ ಜಮೀನ್ದಾರರ ಭೂಮಿಯನ್ನು ವಶಪಡಿಸಿಕೊಂಡು ಬಿಡುಗಡೆಯಾದ ಪ್ರತಿ ವಯಸ್ಕನಿಗೂ 40 ಎಕರೆ ಕೊಡಿ. 1867ರ ಮಾರ್ಚ್‌ನಲ್ಲಿ ಮಸೂದೆಯನ್ನೂ ತಂದ. ಸ್ವಂತ ಪಕ್ಷದವರೇ ಜೊತೆಗೆ ನಿಲ್ಲಲಿಲ್ಲ. ಗುಲಾಮಗಿರಿಯನ್ನು ತೊಡೆಯಲು ಒಪ್ಪಿದವರು ಆಸ್ತಿಯ ಹಕ್ಕನ್ನು ಮುಟ್ಟಲು ಒಪ್ಪಲಿಲ್ಲ. ಬಿಡುಗಡೆಯಾದವರಲ್ಲಿ ಬಹುಪಾಲು ಜನ ಹಳೆಯ ಮಾಲೀಕರ ಹೊಲಗಳಲ್ಲೇ ಪಾಲಿಗೆ ಗೇಯುವವರಾಗಿ, ಸಾಲದಲ್ಲಿ ಉಳಿದರು. ಆತನ ಸೋಲುಗಳಲ್ಲಿ ಇದರಷ್ಟು ಕಾಲ ಜನರನ್ನು ಕಾಡಿದ್ದು ಇನ್ನೊಂದಿಲ್ಲ.

ಗೆಲುವು ಸಿಕ್ಕದ್ದು 1866ರ ಜೂನ್ 13ರಂದು. 14ನೆಯ ತಿದ್ದುಪಡಿಯ ಮೊದಲ ಭಾಗದ ವಾಕ್ಯ ಓಹಿಯೋದ ಜಾನ್ ಬಿಂಗ್‌ಹ್ಯಾಮ್‌ನದು, ಆತನೂ ವಕೀಲ. ಅದನ್ನು ಸಭೆಯಲ್ಲಿ ದಡ ಮುಟ್ಟಿಸುವ ಹೊಣೆ ಸ್ಟೀವನ್ಸನದು. ಮುದುಕನಿಗೆ ಅದು ತೃಪ್ತಿ ತಂದಿರಲಿಲ್ಲ. ಕರಿಯರಿಗೆ ಮತದಾನದ ಹಕ್ಕನ್ನು ಅದು ನೇರವಾಗಿ ಕೊಡುತ್ತಿರಲಿಲ್ಲ. ಇಷ್ಟು ಅಪೂರ್ಣವಾದುದನ್ನು ಯಾಕೆ ಒಪ್ಪುತ್ತೇನೆಂದು ಕೇಳುತ್ತೀರಾ, ನಾನು ಬದುಕುತ್ತಿರುವುದು ಮನುಷ್ಯರ ನಡುವೆ, ದೇವದೂತರ ನಡುವೆ ಅಲ್ಲ ಎಂದು ಆ ದಿನ ಹೇಳಿದ. ಮತ 120–32. ಎರಡು ವರ್ಷದ ಮೇಲೆ, 1868ರ ಜುಲೈನಲ್ಲಿ, ಆತ ಸಾಯುವ ಕೆಲವೇ ವಾರಗಳ ಮೊದಲು ಅದು ಸಂವಿಧಾನದ ಭಾಗವಾಯಿತು.

1947ರ ಕೊನೆಯಲ್ಲಿ ನಮ್ಮ ಸಂವಿಧಾನ ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್ ಇದೇ ನಗರಕ್ಕೆ ಬಂದಿದ್ದರು. ಮಂಗಳೂರಿನಲ್ಲಿ ಹುಟ್ಟಿದವರು. ಇಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗೆ ಹಕ್ಕುಗಳ ಅಧ್ಯಾಯದ ಬಗ್ಗೆ ಚರ್ಚಿಸಿದರು. ಕ್ಯಾಪಿಟಲ್‌ನಿಂದ ಹೊರಬಂದರೆ ಎದುರಿಗೇ ಆ ನ್ಯಾಯಾಲಯದ ಬಿಳಿಯ ಮೆಟ್ಟಿಲು. ಮಗಳಿಗೆ ಇದನ್ನೆಲ್ಲ ಹೇಳುತ್ತ ಅಲ್ಲೇ ಬಹಳ ಹೊತ್ತು ನಿಂತೆ.

ಸ್ಟೀವನ್ಸನ ಕಡೆಯ ಹೋರಾಟ, ಲಿಂಕನ್‌ನ ನಂತರ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ನನ್ನು ಪದವಿಯಿಂದ ಇಳಿಸುವ ಮಹಾಭಿಯೋಗ. ನಡೆಯಲಾಗದೆ ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು. ನೀವು ಸತ್ತ ಮೇಲೆ ನನ್ನನ್ನು ಯಾರಪ್ಪ ಹೊರುತ್ತಾರೆ ಎಂದು ಹೊರುವ ಹುಡುಗರನ್ನು ಕೇಳುತ್ತಿದ್ದನಂತೆ. 1868ರ ಮೇ 16ರಂದು ಸೆನೆಟ್ಟಿನಲ್ಲಿ 35–19. ಬೇಕಿದ್ದ ಮೂರನೇ ಎರಡರಷ್ಟಕ್ಕೆ ಒಂದು ಮತ ಕಡಿಮೆ, ಜಾನ್ಸನ್ ಉಳಿದುಕೊಂಡ. ಆಗಸ್ಟ್ 11ರ ನಡುರಾತ್ರಿ, ಕ್ಯಾಪಿಟಲ್‌ನ ಹತ್ತಿರದ ಮನೆಯಲ್ಲಿ ಆತ ತೀರಿಕೊಂಡಾಗ ಹಾಸಿಗೆಯ ಬಳಿ ಲಿಡಿಯಾ ಸ್ಮಿತ್ ಇದ್ದಳು. ಕರಿಯ ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ಹೋಗಿದ್ದರು.

ಕೊನೆಗೆ ಇಪ್ಪತ್ತೊಂದನೆಯ ಬೀದಿಗೆ ಹೋದೆವು. ಅಲ್ಲಿ ಆತನ ಹೆಸರಿನ ಶಾಲೆಯ ಕಟ್ಟಡವಿದೆ, 1868ರಲ್ಲಿ ಕರಿಯ ಮಕ್ಕಳಿಗಾಗಿ ಕಟ್ಟಿದ್ದು. 1977ರಲ್ಲಿ ಅಧ್ಯಕ್ಷ ಕಾರ್ಟರ್ ತಮ್ಮ ಮಗಳು ಏಮಿಯನ್ನು ಸೇರಿಸಿದ್ದು ಈ ಸಾರ್ವಜನಿಕ ಶಾಲೆಗೇ. ಸುತ್ತ ಗಾಜಿನ ಕಚೇರಿಗಳ ನಡುವೆ ಇಟ್ಟಿಗೆಯ ಗೋಡೆ ಗಟ್ಟಿಯಾಗಿ ನಿಂತಿದೆ.

ಆಮಿಷ್ ಗಾಡಿ ನೋಡಲು ಲ್ಯಾಂಕಾಸ್ಟರ್‌ಗೆ ಹೋಗುವ ನಮ್ಮವರಿಗೆ ಒಂದು ಮಾತು. ಸಂತೆ ಮಂಗಳವಾರ, ಶುಕ್ರವಾರ, ಶನಿವಾರ ಮಾತ್ರ. ಅಲ್ಲಿಂದ ಶ್ರೈನರ್–ಕಾಂಕರ್ಡ್ ಸ್ಮಶಾನ ನಡೆದು ಹೋಗುವಷ್ಟೇ ದೂರ. ಜೊತೆಗೆ ಶಾಲೆಗೆ ಹೋಗುವ ಮಕ್ಕಳಿದ್ದರೆ ಕಲ್ಲಿನ ಮೇಲಿನ ಸಾಲುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ, ಅಜ್ಜ ಅಜ್ಜಿಗೆ ಅರ್ಥ ಹೇಳಿಸಿ.